ಭಾವನ ಹೂಡಿಕೆಗಳನ್ನು ಅಕ್ಕ ಓದಿದ್ದು

ನನ್ನ ಭಾವ ಇಬ್ರಾಹಿಂಪಟ್ಟಣದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರಾಗಿದ್ದವರು. ಮನೆಮಾತು ತೆಲುಗು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ವರ್ಷ ತುಂಗಭದ್ರಾ ಅಣೆಕಟ್ಟಿನ ಕಡೆ ಇದ್ದರು. ಹೊಸಪೇಟೆಯಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯನ್ನೇ ಬಾಡಿಗೆಗೆ ಹಿಡಿದಿದ್ದರು. ಅಲ್ಲೇ ಕನ್ನಡ ಕಲಿತರು, ಅಲ್ಲೇ ನನ್ನ ಅಕ್ಕನನ್ನು ಮೆಚ್ಚಿ ಮದುವೆಯಾದರು. ಆಮೇಲೆ ಅವಳನ್ನು ಕರೆದುಕೊಂಡು ಕೃಷ್ಣೆಯ ತೀರಕ್ಕೆ ಮರಳಿದರು. ಅಕ್ಕ ಅಲ್ಲಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಮಕ್ಕಳಾಗಲಿಲ್ಲ. ನಿವೃತ್ತಿಯ ನಂತರ ಇಬ್ಬರೂ ವಿಜಯವಾಡದಲ್ಲಿ ಒಂದು ಫ್ಲ್ಯಾಟ್ ಕೊಂಡು ಬಂದು ನೆಲೆಸಿದರು.

ನಾನು ಅಕ್ಕನಿಗಿಂತ ಬಹಳ ಚಿಕ್ಕವಳು. ಓದು ಮುಗಿಸಿ ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಸೇರಿದವಳು ಅಲ್ಲೇ ಉಳಿದುಬಿಟ್ಟೆ. ಮದುವೆಯಾಗಲಿಲ್ಲ. ಗಾಜುವಾಕದಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋಗುವುದು ನನ್ನ ಅಭ್ಯಾಸ. ತವರುಮನೆ ಎಂದರೆ ನನಗೆ ಈಗ ಅದೇ.

ಭಾವನ ಹಣದ ವ್ಯವಹಾರ ಮೊದಲು ಬಹಳ ಸರಳವಾಗಿತ್ತು. ಬ್ಯಾಂಕಿನಲ್ಲಿ ಎಫ್‌ಡಿ, ಅಂಚೆ ಕಚೇರಿಯಲ್ಲಿ ಒಂದಿಷ್ಟು, ಅಕ್ಕನ ಮೈಮೇಲೆ ಮತ್ತು ಲಾಕರಿನಲ್ಲಿ ಒಂದಿಷ್ಟು ಚಿನ್ನ. ನಿವೃತ್ತಿಯ ದುಡ್ಡು ಒಟ್ಟಿಗೆ ಖಾತೆಗೆ ಬಂದಾಗ ಬ್ಯಾಂಕಿನ ಒಬ್ಬ ಅಧಿಕಾರಿ ಮನೆಗೆ ಬರತೊಡಗಿದ. ಸಭ್ಯ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಬರುವಾಗ ಪ್ರತಿಸಲ ಭಾವನಿಗೆ ನಮಸ್ಕಾರ, ಅಕ್ಕನಿಗೆ ಮಲ್ಲಿಗೆ ಹೂವಿನ ಪೊಟ್ಟಣ. ಅವನು ಭಾವನಿಗೆ ಹೇಳುತ್ತಿದ್ದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. “ಎಲ್ಲರಿಗೂ ಇದನ್ನು ತೋರಿಸುವುದಿಲ್ಲ ಸಾರ್. ತೋರಿಸಿದರೂ ಅರ್ಥವಾಗುವುದಿಲ್ಲ. ನೀವು ಇಂಜಿನಿಯರ್, ನಿಮಗೆ ನಾನು ಹೇಳಬೇಕಾಗಿಯೇ ಇಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಭಾವನಿಗೆ ನಿಜಕ್ಕೂ ಅರ್ಥವಾಗುತ್ತಿತ್ತು. ಆಕರ್ಷಣೆ ಇದ್ದದ್ದೇ ಅಲ್ಲಿ. ಎಫ್‌ಡಿಯಲ್ಲಿ ಅರ್ಥಮಾಡಿಕೊಳ್ಳುವುದಕ್ಕೆ ಏನಿದೆ? ಇಲ್ಲಿ ಷರತ್ತಿತ್ತು, ಷರತ್ತಿನೊಳಗೆ ಇನ್ನೊಂದು ಷರತ್ತಿತ್ತು, ರೇಖಾಚಿತ್ರವಿತ್ತು. ಜೀವಮಾನವಿಡೀ ಕಂಟ್ರೋಲ್ ರೂಮಿನಲ್ಲಿ ಮೀಟರುಗಳ ಮುಳ್ಳಿನ ಏರಿಳಿತ ನೋಡಿದವರಿಗೆ ನಿವೃತ್ತಿಯ ಖಾಲಿ ಮಧ್ಯಾಹ್ನಗಳಲ್ಲಿ ಮತ್ತೆ ನೋಡುವುದಕ್ಕೆ ಒಂದು ಮುಳ್ಳು ಸಿಕ್ಕಿತು.

ಮೊದಲು ಕೊಂಡದ್ದು ಷೇರುಪೇಟೆಗೆ ಜೋಡಿಸಿದ ಒಂದು ಬಾಂಡ್. ಒಂದು ಭಾನುವಾರ ಊಟದ ಮೇಜಿನ ಮೇಲೆ ಪೇಪರಿನ ಅಂಚಿನಲ್ಲಿ ಗೆರೆ ಎಳೆದು ಅದನ್ನು ನನಗೆ ವಿವರಿಸಿದರು. ಅವಧಿ ಮುಗಿಯುವ ಹೊತ್ತಿಗೆ ಸೂಚ್ಯಂಕ ಏರಿದ್ದರೂ ಸರಿ, ನಿಂತಲ್ಲೇ ನಿಂತಿದ್ದರೂ ಸರಿ, ಸ್ವಲ್ಪ ಇಳಿದಿದ್ದರೂ ಸರಿ, ಎಫ್‌ಡಿಗಿಂತ ಒಳ್ಳೆಯ ಲಾಭ, ಮೊದಲೇ ಗೊತ್ತುಮಾಡಿದ್ದು. ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದಿದ್ದರೆ ಮಾತ್ರ ಬಿದ್ದಷ್ಟು ನಷ್ಟವೂ ನಮ್ಮದೇ.

“ಅಷ್ಟು ಬೀಳ್ತದೇನು?” ಎಂದು ನಾನು ಕೇಳಿದೆ.

“ಬೀಳಬಹುದು. ಆದರೆ ಬೀಳುವ ಸಂಭವ ಎಷ್ಟು ಅಂತ ನೋಡಬೇಕು ಕದಾ,” ಎಂದರು. ಅವರ ಕನ್ನಡ ಹಾಗೆ, ವಾಕ್ಯದ ಕೊನೆಗೆ ತೆಲುಗು ಬಂದು ಕೂರುತ್ತಿತ್ತು.

ಅಕ್ಕ ಅಡುಗೆಮನೆಯಿಂದ ಗೋಂಗೂರ ಪಚ್ಚಡಿ ತಂದು ನಡುವೆ ಇಟ್ಟು, “ನಿಮ್ಮ ಪಾಠ ಮುಗಿದ ಮ್ಯಾಲ ಊಟ ಮಾಡ್ರಿ, ಅನ್ನ ಆರ್ತೈತಿ,” ಎಂದು ಹೋದಳು. ಅವಳು ಆ ಮಾತುಕತೆಗೆ ಯಾವತ್ತೂ ಕೂರಲಿಲ್ಲ. ಭಾವನ ವಿವರಣೆ ಎಷ್ಟು ಚೆಂದವಿತ್ತೆಂದರೆ ಮುಂದಿನ ತಿಂಗಳು ನಾನೂ ನನ್ನ ಉಳಿತಾಯದಲ್ಲಿ ಒಂದು ಭಾಗ ತೆಗೆದು ಅದೇ ಬಾಂಡ್ ಕೊಂಡೆ.

ಆಮೇಲೆ ಒಂದರ ಹಿಂದೆ ಒಂದು ಬಂದವು. ವಿಮೆ ಮತ್ತು ಷೇರು ಎರಡೂ ಸೇರಿದ ಒಂದು ಪಾಲಿಸಿ. ಅದಾದ ಮೇಲೆ, ಪೇಟೆ ಬೀಳುವ ಸೂಚನೆ ಕಂಡರೆ ತಾನಾಗಿಯೇ ಷೇರಿನಿಂದ ಚಿನ್ನಕ್ಕೆ, ಚಿನ್ನದಿಂದ ಸಾಲಪತ್ರಕ್ಕೆ ದಾಟಿಕೊಳ್ಳುವುದೆಂದು ಹೇಳುವ ಒಂದು ಯೋಜನೆ. ಅದಕ್ಕೆ ಹಣ ಸಾಲದೆ ಎಫ್‌ಡಿಗಳನ್ನು ಒಡೆದರು. ಮೊದಲಿನ ಭಾವನಾಗಿದ್ದರೆ ಎಫ್‌ಡಿ ಮುರಿದು ಷೇರಿನ ಕಡೆ ಹೋಗುತ್ತಿರಲಿಲ್ಲ. ಆದರೆ ಹೊಸ ಯೋಜನೆಗಳ ಕಾಗದದಲ್ಲೆಲ್ಲ ‘ರಕ್ಷಣೆ’ ಎಂಬ ಪದವಿತ್ತು. ಒಂದು ಕಡೆ ರಕ್ಷಣೆ ಇದೆ ಎಂದ ಮೇಲೆ ಇನ್ನೊಂದು ಕಡೆ ಧೈರ್ಯ ಮಾಡಬಹುದು ಎಂದು ಅವರಿಗೆ ಅನ್ನಿಸಿತು. ಹೀಗೆ ನಿವೃತ್ತಿಯ ಹಣವೆಲ್ಲ ಒಂದು ದಿನದ ನಿರ್ಧಾರದಿಂದ ಅಲ್ಲ, ಒಂದು ಧೈರ್ಯ ಇನ್ನೊಂದನ್ನು ಕರೆಯುತ್ತ ಹೋದದ್ದರಿಂದ ಜಾಗ ಬದಲಿಸಿತು. ಇದು ನನಗೆ ಅರ್ಥವಾದದ್ದು ತಡವಾಗಿ.

ಒಂದು ಬೆಳಿಗ್ಗೆ ನಾನು ಕಾರ್ಖಾನೆಯ ಬಸ್ಸಿನಲ್ಲಿದ್ದಾಗ ಅಕ್ಕನ ಫೋನ್ ಬಂತು. ಧ್ವನಿ ಸಣ್ಣಗಿತ್ತು. “ನಿಮ್ಮ ಭಾವ ಹಲ್ಲುಜ್ಜಾಕ ಹೋದವ್ರು ಬಿದ್ದಾರ. ಬಲಗೈ ಎತ್ತಾಕ ಬರವಲ್ದು. ಮಾತೂ ಬರವಲ್ದು. ಆಂಬುಲೆನ್ಸಿನಾಗ ಅದೀವಿ. ನೀ ಬಾ.”

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳುವಷ್ಟರಲ್ಲಿ ನಾನು ಆಸ್ಪತ್ರೆ ತಲುಪಿದ್ದೆ. ಭಾವನ ಕಣ್ಣಿನಲ್ಲಿ ಎಲ್ಲವೂ ಇತ್ತು. ನನ್ನನ್ನು ಗುರುತಿಸಿದರು, ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಶಬ್ದ ಬಂತು, ಪದ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದರು. ನಾನು ಅವರನ್ನು ಕಂಡ ಇಷ್ಟು ವರ್ಷಗಳಲ್ಲಿ ಅವರು ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಗೆಂದು ಬರುತ್ತಿದ್ದವಳು ಮೈಸೂರಿನ ಕಡೆಯ ಯುವತಿ. ತೆಲುಗು ಆಗಷ್ಟೇ ಕಲಿಯುತ್ತಿದ್ದಳು. ಚಿತ್ರ ತೋರಿಸಿ ತೆಲುಗಿನಲ್ಲಿ ಹೆಸರು ಕೇಳುತ್ತಿದ್ದಳು. ಭಾವ ತುಟಿ ಕಚ್ಚಿ ಸುಮ್ಮನಿರುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಗಂಜಿ ಕುಡಿಸುತ್ತಿದ್ದಾಗ, ಅವಳು ಇನ್ನೊಂದು ಚಮಚ ಎತ್ತುತ್ತಿದ್ದಂತೆ ಭಾವ ಎಡಗೈ ಅಡ್ಡ ಹಿಡಿದು ಸ್ಪಷ್ಟವಾಗಿ, “ಸಾಕು,” ಎಂದರು.

ಅಕ್ಕ ಚಮಚ ಕೆಳಗಿಟ್ಟಳು. ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ಯುವತಿ ತಿರುಗಿ ನೋಡಿದಳು.

“ಮೇಡಂ, ಅವರು ಈಗ ಕನ್ನಡದಲ್ಲಿ ಹೇಳಿದ್ರಲ್ವಾ?”

“ಹೌದು,” ಎಂದಳು ಅಕ್ಕ. “ಆದರ ಅವರ ಮಾತು ತೆಲುಗು. ಕನ್ನಡ ಆಮ್ಯಾಲೆ ಕಲ್ತದ್ದು.”

“ಹಾಗೂ ಆಗುತ್ತೆ. ಹುಟ್ಟಿನ ಭಾಷೆ ಸಿಕ್ಕಿಹಾಕಿಕೊಂಡಿರತ್ತೆ, ಆಮೇಲೆ ಕಲಿತದ್ದು ಮೊದಲು ಬಿಡುಗಡೆಯಾಗತ್ತೆ. ಎಲ್ಲರಿಗೂ ಆಗಲ್ಲ, ಕೆಲವರಿಗೆ. ಇನ್ನು ಮೇಲೆ ಮನೇಲಿ ಕನ್ನಡದಲ್ಲೇ ಮಾತಾಡಿಸಿ. ಅವರಿಗೆ ಇಷ್ಟವಾದ ವಿಷಯ ತೆಗೀರಿ. ಅವರು ತಪ್ಪು ತಿದ್ದಬೇಕು ಅನ್ನಿಸೋ ಹಾಗೆ ಮಾತಾಡಿ.”

ಆ ಕೊನೆಯ ಮಾತನ್ನು ಅಕ್ಕ ಗಟ್ಟಿಯಾಗಿ ಹಿಡಿದುಕೊಂಡಳು.

ಆಸ್ಪತ್ರೆಯ ಖರ್ಚಿಗೆ ಆರೋಗ್ಯ ವಿಮೆ ಇತ್ತು. ಮನೆಗೆ ಬಂದ ಮೇಲಿನ ಖರ್ಚಿಗೆ ಇರಲಿಲ್ಲ. ದಿನವೂ ಬರುವ ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ, ಎತ್ತಿ ಕೂರಿಸಲು ಒಬ್ಬ ಆಳು. ಪಿಂಚಣಿ ಸಾಲುತ್ತಿರಲಿಲ್ಲ. ಯಾವುದರಿಂದ ಹಣ ತೆಗೆಯುವುದೆಂದು ನಾವಿಬ್ಬರೂ ಕೂತು ನೋಡಿದಾಗ ಗೊತ್ತಾಯಿತು, ಕೈಗೆ ಸಿಗುವುದು ಬಹಳ ಕಡಿಮೆ. ಬಾಂಡಿನ ಅವಧಿ ಮುಗಿಯಲು ಇನ್ನೂ ಸಮಯವಿತ್ತು. ಐದು ವರ್ಷ ದುಡ್ಡು ತೆಗೆಯುವಂತಿಲ್ಲ ಎಂಬ ಪಾಲಿಸಿಯ ಬೀಗ ಇನ್ನೂ ತೆಗೆದಿರಲಿಲ್ಲ. ದಾಟಿಕೊಳ್ಳುವ ಯೋಜನೆಯಿಂದ ಬೇಗ ಹೊರಬಂದರೆ ಶುಲ್ಕ. ಕಾಗದದ ಮೇಲೆ ಅಕ್ಕ ಅನುಕೂಲಸ್ಥೆ. ಕೈಯಲ್ಲಿ ಆಳಿಗೆ ಸಂಬಳ ಕೊಡಲು ಯೋಚಿಸಬೇಕು.

ಬ್ಯಾಂಕಿನ ಅಧಿಕಾರಿಗೆ ಸುದ್ದಿ ತಿಳಿದು ಮನೆಗೆ ಬಂದ. ನಿಜಕ್ಕೂ ನೊಂದಿದ್ದ. ಭಾವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಹಾಲಿಗೆ ಬಂದು ಅಕ್ಕನೊಡನೆ ತೆಲುಗಿನಲ್ಲಿ ಮಾತು ತೆಗೆದ.

“ಚಿಂತೆ ಬೇಡಮ್ಮಾ. ಬಾಂಡ್ ಮುರಿಯಬೇಕಾಗಿಲ್ಲ, ಅದರ ಮೇಲೆ ಸಾಲ ಕೊಡಿಸುತ್ತೇನೆ. ದಾಟಿಕೊಳ್ಳುವ ಯೋಜನೆಯಿಂದ ಹೊರಬಂದು ಆ ದುಡ್ಡನ್ನು ಹೊಸದೊಂದರಲ್ಲಿ ಹಾಕೋಣ. ಹಿರಿಯರಿಗೆಂದೇ ಬಂದಿರುವುದು. ಪ್ರತಿ ತಿಂಗಳೂ ದುಡ್ಡು ಬರುತ್ತದೆ, ಪೇಟೆ ಏರಿದರೆ ಮೇಲೆ ಬೋನಸ್ಸು. ಸಾರ್ ಇದ್ದಿದ್ದರೆ ಕೂಡಲೇ ಹೂಂ ಅನ್ನುತ್ತಿದ್ದರು.”

“ಸಾರ್ ಇದ್ದಾರೆ, ಒಳಗೆ ಮಲಗಿದ್ದಾರೆ,” ಎಂದಳು ಅಕ್ಕ, ಅವಳೂ ತೆಲುಗಿನಲ್ಲೇ. “ಪ್ರತಿ ತಿಂಗಳ ಆ ದುಡ್ಡು ಎಲ್ಲಿಂದ ಬರುತ್ತದೆ? ನಾವು ಹಾಕಿದ ದುಡ್ಡಿನಿಂದಲೋ, ಲಾಭದಿಂದಲೋ?”

ಅವನು ವಿವರಿಸಿದ. ಅಕ್ಕ ಕೇಳಿಸಿಕೊಂಡು, “ತಿಳಿಯಲಿಲ್ಲ,” ಎಂದಳು. ಅವನು ಇನ್ನೊಂದು ರೀತಿಯಲ್ಲಿ ಹೇಳಿದ. “ಈಗಲೂ ತಿಳಿಯಲಿಲ್ಲ,” ಎಂದಳು. ಅವಳ ಮುಖದಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ.

“ಎಲ್ಲ ತಿಳಿಯಬೇಕೆಂದೇನೂ ಇಲ್ಲಮ್ಮಾ. ನಾವಿದ್ದೇವಲ್ಲ.”

“ನೀವಿದ್ದೀರಿ, ಸಂತೋಷ. ಆದರೆ ನಿಮಗೆ ನಾಳೆ ಬೇರೆ ಊರಿಗೆ ವರ್ಗವಾದರೆ ನಾನು ಯಾರನ್ನು ಕೇಳಲಿ? ನನಗೆ ಸ್ವಲ್ಪ ಸಮಯ ಕೊಡಿ. ಇರುವುದನ್ನು ಮೊದಲು ಓದುತ್ತೇನೆ. ಅಲ್ಲಿಯವರೆಗೆ ಏನನ್ನೂ ಮಾರುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ, ಸಾಲವೂ ಬೇಡ.”

ಅವನು ಹೋದ ಮೇಲೆ ನಾನು ಕೇಳಿದೆ, “ಅಲ್ಲೀತನ ಖರ್ಚಿಗೆ ಏನು ಮಾಡ್ತಿ ಅಕ್ಕಾ?”

“ನನ್ನ ನಾಕು ಬಳಿ ಅದಾವು. ಅದರ ಮ್ಯಾಲೂ ಸಾಲನ ಕೊಡ್ತಾರ, ಬಿಡು. ಆದರ ಬಳಿ ಏನು, ಅದರ ಸಾಲ ಏನು ಅಂತ ನನಗ ತಿಳೀತೈತಿ.”

ನಾನು ಕೊಡುತ್ತೇನೆ ಎಂದೆ. ಸ್ವಲ್ಪ ಜಗಳವಾಡಿ ಒಪ್ಪಿಕೊಂಡಳು.

ಅವತ್ತಿನಿಂದ ಅಕ್ಕ ಪಾಠ ಓದಲು ಕೂತಳು. ಮಾರ್ಕೆಟಿನಿಂದ ತರಕಾರಿ ತಂದು, ಭಾವನಿಗೆ ಸ್ನಾನವಾದ ಮೇಲೆ, ಕನ್ನಡಕ ಏರಿಸಿಕೊಂಡು ಬಾಂಡಿನ ವಿವರಗಳನ್ನು ಓದುವಳು. ತಿಳಿಯದ್ದನ್ನು ಗುರುತುಹಾಕಿ ಸಂಜೆ ನನಗೆ ಫೋನ್ ಮಾಡುವಳು. ನಾನು ಕಾರ್ಖಾನೆಯಿಂದ ಬಂದು ಚಹಾ ಇಟ್ಟುಕೊಂಡು ಕೆಳಗಿನ ರಸ್ತೆಯ ಆಟೋಗಳ ಗದ್ದಲಕ್ಕೆ ಕಿಟಕಿ ಮುಚ್ಚಿ ಕೂರುತ್ತಿದ್ದೆ. ನಾನೂ ಅದೇ ಬಾಂಡ್ ಕೊಂಡವಳು. ಅಕ್ಕ ಕೇಳಿದ ಮೊದಲ ಪ್ರಶ್ನೆಗೇ ನಾನು ಕಾಗದ ತೆಗೆದು ಹುಡುಕಬೇಕಾಯಿತು.

“ಪೇಟೆ ಭಾಳ ಏರಿದ್ರ ನಮಗೂ ಅಷ್ಟು ಲಾಭ ಬರ್ತದೇನು?”

ಬರುವುದಿಲ್ಲ ಎಂದು ಹುಡುಕಿ ಕಂಡುಕೊಳ್ಳಲು ನಮಗೆ ಒಂದು ವಾರ ಹಿಡಿಯಿತು. ಏರಿಕೆಯಲ್ಲಿ ನಮಗೆ ಗೊತ್ತುಮಾಡಿದಷ್ಟೇ, ಅದರಾಚೆಗಿನದು ಬಾಂಡ್ ಹೊರಡಿಸಿದ ಕಂಪನಿಗೆ. ಆಳದ ಇಳಿಕೆಯಲ್ಲಿ ಮಾತ್ರ ಪೂರ್ತಿ ನಮ್ಮದು. ಬಾಂಡನ್ನು ಬಿಡಿಸಿ ನೋಡಿದರೆ ಒಳಗಿದ್ದದ್ದು ಎರಡೇ: ಒಂದು ಸಾಮಾನ್ಯ ಸಾಲಪತ್ರ, ಅದರ ಜೊತೆ ಪೇಟೆ ಅಷ್ಟು ಆಳಕ್ಕೆ ಬೀಳುವುದಿಲ್ಲ ಎಂಬುದರ ಮೇಲೆ ಕಟ್ಟಿದ ಒಂದು ಪಣ. ಕಾರ್ಖಾನೆಯಲ್ಲಿ ಒಂದು ಮಾತ್ರೆಯೊಳಗೆ ಏನೇನಿದೆ ಎಂದು ತಿಳಿಯದೆ ಅದರ ಮುಂದೆ ಸಹಿ ಹಾಕುವ ಹಕ್ಕು ನನಗಿಲ್ಲ. ನನ್ನ ಸ್ವಂತ ದುಡ್ಡಿನ ವಿಷಯದಲ್ಲಿ ಭಾವನ ಪೆನ್ನು ಓಡಿದ ಚೆಂದಕ್ಕೇ ಸಹಿ ಹಾಕಿದ್ದೆ.

ಈ ಓದಿನ ನಡುವೆ ಷೇರುಪೇಟೆ ಕುಸಿಯತೊಡಗಿತು. ಟೀವಿಯಲ್ಲಿ ಕೆಂಪು ಬಾಣಗಳು. ಅಕ್ಕ ಗಾಬರಿಯಾದಳು. ನಾನು ಆ ಶನಿವಾರ ವಿಜಯವಾಡಕ್ಕೆ ಹೋದಾಗ ಅವಳು ಭಾವನ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಶಾಲೆಯ ಟೀಚರಿನ ಧಾಟಿಯಲ್ಲಿ ಬಾಂಡ್ ವಿವರಿಸುತ್ತಿದ್ದಳು. ದಿನವೂ ಹೀಗೆ ಮಾಡುತ್ತಿದ್ದಳಂತೆ. ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು, ಒಮ್ಮೊಮ್ಮೆ ಹೂಂಗುಟ್ಟುತ್ತಿದ್ದರು.

“ನೋಡ್ರಿ, ಹಿಂಗಾತಿದು. ಈ ಗೆರಿ ಐತಲ್ಲ, ಸೂಚ್ಯಂಕ ಯಾವತ್ತರ ಒಂದು ದಿನ ಇದರ ಕೆಳಗ ಇಳೀತು ಅಂದ್ರ ನಮ್ಮ ಕಥಿ ಮುಗೀತು. ಈಗ ಇಳಕೋಂತ ಹೊಂಟೈತಿ. ನಾಳೆ ನಾಡದ್ದು ಮುಟ್ಟತೈತಿ. ಮುಟ್ಟೂದರಾಗ ಮಾರಿಬಿಡೋಣ.”

ಭಾವ ಕಣ್ಣು ತೆರೆದರು. ತಲೆ ಅಲ್ಲಾಡಿಸಿದರು.

“ಯಾಕ?”

ಅವರ ತುಟಿ ಒದ್ದಾಡಿತು. “ತ... ತಪ್ಪು.”

ಅಕ್ಕ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಅವರ ಮುಂದೆ ಹಿಡಿದಳು. “ಯಾವುದು ತಪ್ಪು? ಗೆರಿ ತಪ್ಪೇನು?”

ಅಲ್ಲ ಎಂಬಂತೆ ಕೈ ಆಡಿಸಿದರು. ಎಡಗೈ ಬೆರಳು ಹಾಳೆಯ ಮೇಲೆ ನಿಧಾನವಾಗಿ ಬಲಕ್ಕೆ ಸರಿಯಿತು, ಅಂಚಿನಲ್ಲಿ ನಿಂತಿತು. ಅಲ್ಲಿ ಒತ್ತಿ ಹಿಡಿದರು. ಹಣೆಯ ಮೇಲೆ ಬೆವರು ಮೂಡಿತ್ತು. ನಾನು ಸಹಾಯ ಮಾಡಲು ಹೋದೆ, ಅಕ್ಕ ಕಣ್ಣಿನಲ್ಲೇ ತಡೆದಳು. ಕಾದೆವು. ಗೋಡೆಯಾಚೆ ಪಕ್ಕದ ಮನೆಯ ಕುಕ್ಕರ್ ಕೂಗಿ ನಿಂತಿತು.

“ಕೊನೆ,” ಎಂದರು ಭಾವ. “ಕೊನೆ... ದಿನ. ಕೊನೆ ದಿನ.”

“ನಡುವ ಇಳಿದ್ರ ಲೆಕ್ಕ ಇಲ್ಲೇನು? ಕೊನೀ ದಿನ ಎಲ್ಲಿರತೈತಿ ಅಂತ ಅಷ್ಟ ನೋಡೂದೇನು?”

ಭಾವ ದಿಂಬಿಗೆ ತಲೆ ಒರಗಿಸಿ ಹೂಂ ಎಂದರು. ನಾನು ವಿವರ ತೆಗೆದು ಓದಿ ನೋಡಿದೆ. ಅವರು ಹೇಳಿದ್ದೇ ಸರಿ. ಅಕ್ಕ ಅದನ್ನು ತಪ್ಪಾಗಿ ತಿಳಿದಿದ್ದಳು, ಆ ಭಾನುವಾರ ಊಟದ ಮೇಜಿನ ಮೇಲೆ ಕೇಳಿದ್ದನ್ನು ನಾನೂ ಮರೆತಿದ್ದೆ. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತು ನಲ್ಲಿ ಬಿಟ್ಟ ಶಬ್ದ ಕೇಳಿಸುತ್ತಿತ್ತು. ಮುಖ ತೊಳೆದು ಬಂದು ಭಾವನಿಗೆ ಹಣ್ಣಿನ ರಸ ಕೊಟ್ಟಳು.

ಆಮೇಲಿನ ವಾರಗಳಲ್ಲಿ ಅದೇ ಅವರ ಚಿಕಿತ್ಸೆಯಾಯಿತು. ಮೈಸೂರಿನ ಯುವತಿ ವಾರಕ್ಕೊಮ್ಮೆ ಮನೆಗೆ ಬಂದು ನೋಡಿ, ಹೀಗೇ ಮುಂದುವರಿಸಿ ಎಂದಳು. ಅಕ್ಕ ಓದಿದ್ದನ್ನು ಹೇಳುವುದು, ಭಾವ ತಿದ್ದುವುದು. ಕೆಲವೊಮ್ಮೆ ಅವಳು ಬೇಕೆಂದೇ ತಪ್ಪು ಹೇಳುತ್ತಿದ್ದಳು, ಹೆಚ್ಚು ಸಲ ನಿಜಕ್ಕೂ ತಪ್ಪುತ್ತಿದ್ದಳು. ‘ಕೆಳಗೆ’, ‘ಮೇಲೆ’, ‘ಅವಧಿ’, ‘ಅರ್ಧ’ ಒಂದೊಂದಾಗಿ ಬಂದವು. ಹಿಂದಿನಿಂದ ತೆಲುಗೂ ನಿಧಾನಕ್ಕೆ ಬರತೊಡಗಿತು.

ಮಾತು ಬಂದ ಮೇಲೆ ಜಗಳವೂ ಬಂತು.

ಅಕ್ಕನಿಗೆ ಬಾಂಡ್ ಅರ್ಥವಾಯಿತು, ಪಾಲಿಸಿಯೂ ಅರ್ಥವಾಯಿತು. ದಾಟಿಕೊಳ್ಳುವ ಯೋಜನೆ ಅರ್ಥವಾಗಲಿಲ್ಲ. ಯಾವ ಸೂಚನೆ ಕಂಡರೆ ಅದು ದಾಟುತ್ತದೆ, ಯಾರು ನಿರ್ಧರಿಸುತ್ತಾರೆ, ಎಂಬುದು ಎಲ್ಲಿಯೂ ಇರಲಿಲ್ಲ. ಪೇಟೆ ಕುಸಿದಾಗ ಅದು ದಾಟಿತ್ತು, ಆದರೆ ಬಿದ್ದ ಮೇಲೆ ದಾಟಿತ್ತು. ಮರಳಿ ಏರುವಾಗಲೂ ತಡವಾಗಿ ಮರಳಿತ್ತು. ಅದನ್ನು ಮಾರುತ್ತೇನೆ ಎಂದಳು. ಭಾವ ಬೇಡ ಎಂದರು. ಅವಳು ಮತ್ತೆ ಹೇಳಿದಳು. ಭಾವ ಎಡಗೈಯಿಂದ ಮಂಚದ ಕಂಬಿಗೆ ಹೊಡೆದರು. ಆ ಶಬ್ದಕ್ಕೆ ಆಳು ಹುಡುಗ ಬಾಲ್ಕನಿಯಿಂದ ಓಡಿ ಬಂದ.

“ನಾನು... ಮೂರ್ಖ... ಅಲ್ಲ,” ಎಂದರು. ಅಷ್ಟು ಹೇಳುವುದಕ್ಕೆ ಅವರಿಗೆ ಬಹಳ ಹೊತ್ತು ಬೇಕಾಯಿತು. ಕಣ್ಣಲ್ಲಿ ನೀರಿತ್ತು.

ಅಕ್ಕ ಆಳನ್ನು ಕೆಳಗೆ ಹಾಲು ತರಲು ಕಳಿಸಿದಳು. ನಾನೂ ಎದ್ದೆ. “ನೀ ಕೂಡು,” ಎಂದಳು. ಆಮೇಲೆ ಭಾವನಿಗೆ ಹೇಳಿದಳು:

“ಮೂರ್ಖ ಅಂತ ಯಾರಂದ್ರು? ನಿಮ್ಮಷ್ಟು ತಿಳದವ್ರನ್ನ ನಾ ನೋಡಿಲ್ಲ. ಆದರ ನೀವು ಎಲ್ಲಾ ಒಬ್ರ ಹೊತ್ಗೊಂಡಿದ್ರಿ. ನನಗ ಒಂದು ಮೂಲಿನೂ ಹಿಡಿಯಾಕ ಕೊಡಲಿಲ್ಲ, ನಾನೂ ಕೇಳಲಿಲ್ಲ. ಈಗ ಹೊರಾಕಿ ನಾನು. ನನ್ನ ಕೈಗೆ ಹಿಡಿಯುವಷ್ಟ ಇಟ್ಕೋತೀನಿ. ಇದು ನನ್ನ ಕೈಗೆ ಹಿಡಿಯವಲ್ದು.”

“ಲಾಭ...” ಎಂದರು ಭಾವ.

“ಬರಬಹುದು. ನಾ ಇಲ್ಲ ಅನ್ನೂದಿಲ್ಲ. ಬಂದರೂ ಯಾಕ ಬಂತು ಅಂತ ನನಗ ಗೊತ್ತಾಗೂದಿಲ್ಲ. ಹೋದರೂ ಗೊತ್ತಾಗೂದಿಲ್ಲ. ಹಂಗ ನನಗ ಬಾಳೇವು ಮಾಡಾಕ ಆಗೂದಿಲ್ರಿ.”

ಆ ವಾರವಿಡೀ ಭಾವ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಅಕ್ಕ ಕರಗಲಿಲ್ಲ. ಸ್ನಾನ ಮಾಡಿಸಿದಳು, ಔಷಧ ಕೊಟ್ಟಳು, ಪಕ್ಕದ ಕುರ್ಚಿಯಲ್ಲಿ ಕೂತು ದಿನದ ಪಾಠವನ್ನೂ ಬಿಡದೆ ಹೇಳಿದಳು. ಅವರು ತಿದ್ದಲಿಲ್ಲ. ತಿದ್ದದಿದ್ದರೂ ಹೇಳಿದಳು. ಮುಂದಿನ ಶುಕ್ರವಾರ ಫಿಸಿಯೋಥೆರಪಿ ಮುಗಿಸಿ ಗೋಡೆ ಹಿಡಿದು ನಿಂತಿದ್ದಾಗ ಭಾವನೇ, “ಮಾರು,” ಎಂದರಂತೆ. ಅಕ್ಕ ನನಗೆ ಫೋನಿನಲ್ಲಿ ಹೇಳಿದಳು, “ಮನಸ್ಸಿನಿಂದ ಅಂದ್ರೋ, ಬ್ಯಾಸತ್ತು ಅಂದ್ರೋ ಗೊತ್ತಿಲ್ಲ. ಆದರ ಅಂದ್ರು. ನಾ ನಾಳೆ ಬ್ಯಾಂಕಿಗೆ ಹೋಗ್ತೀನಿ.”

ಹೋದಳು. ಎಲ್ಲ ಇಬ್ಬರ ಹೆಸರಿನಲ್ಲಿದ್ದುದರಿಂದ ಅವಳ ಸಹಿ ಸಾಕಾಯಿತು. ನಷ್ಟ ಸ್ವಲ್ಪ ಆಯಿತು, ಶುಲ್ಕವೂ ಹೋಯಿತು. ಬಂದದ್ದನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮತ್ತು ಎಫ್‌ಡಿಯಲ್ಲಿ ಹಾಕಿದಳು. ಪಾಲಿಸಿಯನ್ನು ಬೀಗದ ಅವಧಿ ಮುಗಿದ ಕೂಡಲೇ ಬಿಡುವುದೆಂದು ಬರೆದುಕೊಂಡಳು. ಅಧಿಕಾರಿ ಇನ್ನೊಂದು ಸಲ ಹೊಸ ಯೋಜನೆಯ ಮಾತು ತೆಗೆದಾಗ, “ಬೇಡಪ್ಪಾ,” ಎಂದು ಕಾಫಿ ಕೊಟ್ಟಳು. ಬಾಂಡನ್ನು ಮಾತ್ರ ಮಾರಲಿಲ್ಲ. ನಾನು ಅದನ್ನೂ ಮಾರು ಎಂದಿದ್ದೆ. ಅವಳು ಒಪ್ಪಲಿಲ್ಲ.

“ಇದನ್ನ ನಾ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಏನಾದರ ಏನು ಹೋಗತೈತಿ, ಗೊತ್ತೈತಿ. ಕಾಯಾಕ ನನಗ ತ್ರಾಣ ಐತಿ. ಕಾಯ್ತೀನಿ.”

ನಾನು ನನ್ನದನ್ನು ಮಾರಿದೆ. ಬಾಂಡ್ ಕಂಪನಿಯವರು ಅವತ್ತು ಹೇಳಿದ ಬೆಲೆ ನಾನು ಹಾಕಿದ್ದಕ್ಕಿಂತ ಕಡಿಮೆ ಇತ್ತು. ಅಕ್ಕನ ಮನೆಯ ಖರ್ಚಿಗೆ ಕೊಟ್ಟು ನನ್ನ ಕೈಯೂ ಬಿಗಿಯಾಗಿತ್ತು ಎಂಬುದು ಒಂದು ಕಾರಣ. ಏರಿಕೆಗೆ ಮಿತಿಯಿದ್ದು ಇಳಿಕೆಗೆ ಮಿತಿಯಿಲ್ಲದ್ದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ ಎಂಬುದು ಇನ್ನೊಂದು. ಮುಂದೆ ಅವಧಿ ಮುಗಿದಾಗ ಸೂಚ್ಯಂಕ ಗೆರೆಗಿಂತ ಬಹಳ ಮೇಲಿತ್ತು. ಅಕ್ಕನಿಗೆ ಹೇಳಿದಷ್ಟೂ ಬಂತು. ನಾನು ಮಾರದೆ ಇದ್ದಿದ್ದರೆ ಎಂದು ಬಸ್ಸಿನಲ್ಲಿ ಒಂದು ಸಂಜೆ ಲೆಕ್ಕ ಹಾಕಲು ಶುರುಮಾಡಿ, ಅರ್ಧಕ್ಕೆ ಬಿಟ್ಟು ಫೋನ್ ಚೀಲದೊಳಗೆ ಹಾಕಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ಯಾಕೆ ಇಟ್ಟುಕೊಂಡಳು, ನಾನು ಯಾಕೆ ಬಿಟ್ಟೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕೊಳ್ಳುವಾಗ ಅಷ್ಟೂ ಗೊತ್ತಿರಲಿಲ್ಲ.

ಬಾಂಡಿನ ದುಡ್ಡು ಬಂದ ದಿನ ಭಾವನ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಕೋಲೂರಿ ನಡೆಯುತ್ತಿದ್ದರು. ಸೋಫಾದಲ್ಲಿ ಕೂತು, “ನಾನು ಹೇಳಿದ್ದೆ,” ಎಂದು ಒಂದೊಂದೇ ಪದ ಜೋಡಿಸಿ ಅಕ್ಕನಿಗೆ ಕೇಳಿಸುವಂತೆ ಹೇಳಿದರು.

“ಹೇಳಿದ್ರಿ. ನೀವ ಖರೇ,” ಎಂದಳು ಅಕ್ಕ. ಆಮೇಲೆ ಅವರಿಗೆ ಅನಿರೀಕ್ಷಿತವಾದ ಒಂದು ಮಾತು ಹೇಳಿದಳು. ಬಂದ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಅವರದು. ಅದರಲ್ಲಿ ಅವರು ಏನು ಬೇಕಾದರೂ ಕೊಳ್ಳಬಹುದು, ಎಷ್ಟು ತೊಡಕಿನದ್ದಾದರೂ ಸರಿ, ಹೋದರೂ ಅವಳು ಕೇಳುವುದಿಲ್ಲ. ಉಳಿದದ್ದರಲ್ಲಿ ಮಾತ್ರ, ಇಬ್ಬರಿಗೂ ಬಾಯಿಬಿಟ್ಟು ಹೇಳಲು ಬಾರದ ಯಾವುದೂ ಇರಕೂಡದು. ಭಾವ, “ಸರೇ,” ಎಂದರು.

ಆ ಪಾಲಿನ ಹಿಂದೆ ಅವರೀಗ ಬಿದ್ದಿದ್ದಾರೆ. ಇನ್ನೂ ಏನನ್ನೂ ಕೊಂಡಿಲ್ಲ. ಓದುತ್ತಾರೆ, ಬೇಡ ಎನ್ನುತ್ತಾರೆ, ಇನ್ನೊಂದನ್ನು ಓದುತ್ತಾರೆ. ಸಂಜೆ ಅಕ್ಕ ಅವರನ್ನು ನಡೆಸಿಕೊಂಡು ಕೃಷ್ಣೆಯ ಬ್ಯಾರೇಜಿನ ಕಡೆ ಹೋಗುತ್ತಾಳೆ. ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಮೆಟ್ಟಿಲಿನ ದೀಪಗಳು ಹತ್ತುವ ಹೊತ್ತಿಗೆ ಮರಳುತ್ತಾರೆ. ದಾರಿಯುದ್ದಕ್ಕೂ ಬಡ್ಡಿಯ ಮಾತೇ ಎಂದು ಅಕ್ಕ ದೂರುತ್ತಾಳೆ, ಆದರೆ ಆ ದೂರಿನಲ್ಲಿ ಅವಳೂ ಸಾಕಷ್ಟು ಬಡ್ಡಿಯ ಮಾತು ಸೇರಿಸಿರುತ್ತಾಳೆ.

ಹೋದ ತಿಂಗಳು ನನ್ನ ಒಂದು ಎಫ್‌ಡಿಯ ಅವಧಿ ಮುಗಿಯಿತು. ಗಾಜುವಾಕದ ನನ್ನ ಬ್ಯಾಂಕಿಗೆ ಹೋದೆ. ಕೌಂಟರಿನಾಚೆಯ ಹುಡುಗಿ ಎಫ್‌ಡಿ ಬದಲು ಇನ್ನೊಂದನ್ನು ತೋರಿಸಿದಳು. ಬಣ್ಣದ ಹಾಳೆ, ಏರುವ ಗೆರೆ, ‘ಖಾತರಿ’ ಎಂಬ ದಪ್ಪಕ್ಷರ. ನಾನು ಕೂತು ಪೂರ್ತಿ ಕೇಳಿದೆ. ಖಾತರಿ ಯಾರದು ಎಂದು ಕೇಳಿದೆ. ನಡುವೆ ದುಡ್ಡು ಬೇಕಾದರೆ ಏನು ಬೆಲೆ, ಯಾರು ಹೇಳುತ್ತಾರೆ ಎಂದು ಕೇಳಿದೆ. ಅವಳು ತಾಳ್ಮೆಯಿಂದ ಹೇಳಿದಳು. ಒಂದು ಕಡೆ ಅವಳಿಗೇ ಅನುಮಾನ ಬಂದು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು.

“ಇನ್ನೂ ಅರ್ಥವಾಗಲಿಲ್ಲಮ್ಮಾ,” ಎಂದೆ ತೆಲುಗಿನಲ್ಲಿ.

“ಪರ್ವಾಲೇದು ಮೇಡಂ, ಇನ್ನೊಮ್ಮೆ ಹೇಳ್ತೇನೆ.”

ಹಿಂದೆ ಸಾಲು ಬೆಳೆದಿತ್ತು. ಯಾರೋ ಗಂಟಲು ಸರಿಮಾಡಿಕೊಂಡರು. ನಾನು ಏಳಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ನಾನು ಇನ್ನೊಮ್ಮೆ ಕೇಳಿದೆ. ಕೊನೆಗೆ ಹಾಳೆಯನ್ನು ಮಡಚಿ ಅವಳಿಗೇ ಕೊಟ್ಟು, ಎಫ್‌ಡಿಯನ್ನೇ ಮುಂದುವರಿಸಲು ಹೇಳಿ, ಸಹಿ ಹಾಕಿ ಹೊರಗೆ ಬಂದೆ.